ಗಾಡಿಯಲ್ಲಿ ಬಂದವರಿಗೆ ಮಾತ್ರ

ಹಿಂದಿ, ಮರಾಠಿಯೇ ಕೇಳಿಸುವ ಐರೋಲಿಯ ಬಸ್ ಸ್ಟಾಪಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ಹೃಷೀಕೇಶ ತಿರುಗಿ ನೋಡಿದ. ಇಬ್ಬರು ಹೆಂಗಸರು, ಹಿರಿಯವರ ಮಾತು ಉಡುಪಿ ಕಡೆಯದು, ಕಿರಿಯಳದು ಉತ್ತರ ಕರ್ನಾಟಕದ್ದು.

"ಕಾರಲ್ಲೇ ಕೂತು ಕಾಫಿ ತಕೊಳ್ಳುವ ಆ ಅಂಗಡಿ ಕಿಟಕಿಗೆ ಗಾಡಿಯಲ್ಲೇ ಬರ್ಬೇಕಂತೆ ಸಂಜನಾ. ನಡ್ಕೊಂಡು ಹೋದ್ರೆ ಕೊಡುದಿಲ್ಲ."

"ಒಳಗ ಕುಂತು ಕುಡೀರಲ್ಲ, ರಮಾಮಣಿ ಅಕ್ಕಾ."

"ಕಾಫಿ ಯಾರಿಗೆ ಬೇಕು? ಕಿಟಕಿಯಲ್ಲಿ ಕಾರ್ಕಳದ ಹುಡುಗಿ ಉಂಟು. ಇವರಿದ್ದಾಗ ಕಾರಲ್ಲಿ ಹೋಗ್ತಿದ್ದೆವು. ‘ಊಟ ಆಯ್ತಾ ಅಮ್ಮ’ ಅಂತ ತುಳುವಲ್ಲಿ ಕೇಳ್ತಿದ್ಳು."

"ಈಗ ಮನ್ಯಾಗ ತುಳು ಇಲ್ಲೇನ್ರಿ?"

"ಇವರು ಹೋದ ಮೇಲೆ ತುಳು ಯಾರತ್ರ ಮಾತಾಡುದು? ಮಗ, ಸೊಸೆ, ಮಕ್ಕಳು, ಎಲ್ಲರದ್ದೂ ಹಿಂದಿ."

ಬಸ್ ಬಂತು. ಸಂಜನಾ ಹತ್ತಲಿಲ್ಲ, ಕೈಯೆತ್ತಿ ರಿಕ್ಷಾ ನಿಲ್ಲಿಸಿದಳು.

"ರಿಕ್ಷಾದಲ್ಲಿ ಹೋದ್ರೆ ಕೊಡ್ತಾರಾ?"

"ಇದೂ ಗಾಡೀನ ಅಲ್ಲೇನ್ರಿ? ಕುಂದರ್ರಿ."

ಹತ್ತುವ ಮೊದಲು ರಮಾಮಣಿ ಸೆರಗಿನಿಂದ ಮುಖ ಒರೆಸಿಕೊಂಡು ಕೂದಲು ಸರಿಮಾಡಿಕೊಂಡರು. ಹೃಷೀಕೇಶ ತನ್ನ ಬಸ್ಸನ್ನೂ ಮರೆತು, ರಿಕ್ಷಾ ತಿರುವಿನಲ್ಲಿ ಕಾಣದಾಗುವ ತನಕ ನೋಡುತ್ತ ನಿಂತ.