ಮೊದಲು ಕರೆಯಿರಿ, ಆಮೇಲೆ ಕರೆಯಿರಿ

ಒಂದು ಊರು ಅಂತ ಇಟ್ಟುಕೊಳ್ಳಿ. ಅಲ್ಲೊಬ್ಬ ಸಾಹುಕಾರ. ಅಂಗಡಿಯಲ್ಲಿ ಕೂತು ಬಾಳಿದವನು, ಸಗಣಿ ತುಳಿದು ಗೊತ್ತಿಲ್ಲ. ವಯಸ್ಸಾದ ಮೇಲೆ ಹಸು ಸಾಕುವ ಆಸೆ ಬಂತು. ಬರಬಾರದೇ? ಒಳ್ಳೆಯ ಆಸೆಯೇ. ಹತ್ತು ಹಸುವಿಗೆ ಸಾಲುವ ಕೊಟ್ಟಿಗೆ ಕಟ್ಟಿಸಿದ. ಹೆಂಡತಿ ಹೇಳಿದಳು, "ಮೊದ್ಲು ಒಂದು ತನ್ನಿ. ಅದರ ಜೊತೆ ಬಾಳೋದು ಕಲೀರಿ. ಆಮೇಲೆ ಒಂಬತ್ತರ ಮಾತು."

ಪಕ್ಕದೂರಿನ ಮುದುಕಿಯೊಬ್ಬಳ ಹತ್ತಿರ ಬಿಳಿ ಹಸು ನೋಡಿದ. ಹಲ್ಲು ಎಣಿಸಿದ, ಸುಳಿ ನೋಡಿದ, ಮುದುಕಿ ಕರೆದು ತೋರಿಸಿದ ಹಾಲನ್ನು ಅಳೆದ. ಕರು ಆಗಲೇ ಹಾಲು ಬಿಟ್ಟು ಹುಲ್ಲಿಗೆ ಬಿದ್ದಿತ್ತು, ಹಸುವನ್ನಷ್ಟೇ ಕೊಂಡ. ಮುದುಕಿ ಏನೋ ಹೇಳಲು ಬಾಯಿ ತೆರೆದಳು. "ಆಯ್ತಾಯ್ತು, ನಂಗೊತ್ತು" ಎಂದು ಹಗ್ಗ ಹಿಡಿದು ಹೊರಟೇಬಿಟ್ಟ.

ನೋಡಿ, ಆಮೇಲೆ ಏನಾಯಿತು. ಹಸು ಒಂದು ತೊಟ್ಟು ಹಾಲು ಇಳಿಸಲಿಲ್ಲ. ಹಿಂಡಿ ಇಟ್ಟ. ಇಲ್ಲ. ಹಸಿಹುಲ್ಲು ಹಾಕಿದ. ಇಲ್ಲ. ಹಾಲು ಕರೆಯುವ ಆಳು ಬಂದ, ಒದೆ ತಿಂದು ಕುಂಟುತ್ತಾ ಹೋದ. ಮೂರನೆಯ ದಿನ ಕೆಚ್ಚಲು ಕಲ್ಲಾಯಿತು, ಮುಟ್ಟಿದರೆ ಸುಡುತ್ತಿತ್ತು. ದನದ ಡಾಕ್ಟರು ಮದ್ದು ಕೊಟ್ಟು, "ಇವತ್ತು ಹಾಲು ಖಾಲಿ ಮಾಡ್ದಿದ್ರೆ ಕೆಚ್ಚಲು ಉಳಿಯಲ್ಲ" ಅಂದರು.

ಸಾಹುಕಾರ ಹಸುವಿನ ಕಣ್ಣು ನೋಡಿದ. ಅದು ಅವನನ್ನು ನೋಡುತ್ತಿರಲಿಲ್ಲ. ತಾನು ಬಂದ ದಾರಿ ನೋಡುತ್ತಿತ್ತು. ಕೆಟ್ಟವನಲ್ಲ ಅವನು, ತಿಳಿಯದವನು. ಚಪ್ಪಲಿ ಕೂಡ ಮೆಟ್ಟದೆ ಮುದುಕಿಯ ಮನೆಗೆ ಓಡಿದ.

ಮುದುಕಿ ಕೇಳಿದಳು, "ಏನಂತ ಕರದ್ರಿ ಸಾವ್ಕಾರ್ರೆ?"

"ಏನಂತ ಅಂದ್ರೆ? ಚೊಂಬು ಹಿಡ್ಕಂಡು ಕರದೆ ಅಜ್ಜಿ, ಒಂದ್ ತೊಟ್ಟೂ ಬರ್ಲಿಲ್ಲ!"

ಮುದುಕಿ ಹಣೆ ಚಚ್ಚಿಕೊಂಡು ನಕ್ಕಳು. "ಅಯ್ಯೋ ನನ್ನಪ್ಪಾ! ಹಲ್ಲು ಎಣಿಸಿದ್ರಿ, ಸುಳಿ ನೋಡಿದ್ರಿ. ಹೆಸ್ರು ಕೇಳಿದ್ರಾ? ಅವ್ಳು ತುಂಬೆ. 'ಬಾರೇ ತುಂಬೆ' ಅನ್ಬೇಕು, ಕುತ್ತಿಗೆ ಕೆಳಗಿನ ಗಂಗೆದೊಗಲು ನೀವ್ಬೇಕು. ಮೊದ್ಲು ಕರೀರಿ, ಆಮೇಲೆ ಕರೀರಿ!"

ಕೊಟ್ಟಿಗೆಗೆ ಬಂದ. ಯಾರಾದರೂ ಕೇಳಿಸಿಕೊಂಡಾರೆಂದು ಅತ್ತಿತ್ತ ನೋಡಿದ. ಮೆಲ್ಲಗೆ, "ಬಾರೇ ತುಂಬೆ" ಅಂದ. ಕಿವಿ ತಿರುಗಿತು. ಗಂಗೆದೊಗಲು ನೀವಿದ. ಮತ್ತೆ ಕರೆದ, ಮತ್ತೆ ಮತ್ತೆ ಕರೆದ. ಹಸು ಒಂದು ದೊಡ್ಡ ಉಸಿರು ಬಿಟ್ಟಿತು, ಹಾಲು ಇಳಿಯಿತು. ಕೆಟ್ಟ ಹಾಲು, ಪೂರ್ತಿ ಹಿಂಡಿ ಚೆಲ್ಲಿದ. ಆದರೆ ಕೆಚ್ಚಲು ಮೆತ್ತಗಾಯಿತು, ತುಂಬೆ ಉಳಿದಳು.

ಕೈ ತೊಳೆಯಲು ನೀರು ಬೇಕಾಯಿತು. "ಏ, ಇವಳೇ" ಎಂದು ಬಾಯಿಗೆ ಬಂತು; ನಲವತ್ತು ವರ್ಷದ ರೂಢಿಯಲ್ಲವೇ? ತಡೆದುಕೊಂಡ. "ಸಿದ್ದಲಿಂಗೀ" ಅಂದ.

ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಏನಾಯ್ತು? ಯಾರಿಗೇನಾಯ್ತು?"

"ಏನಿಲ್ಲ. ಕರದೆ, ಅಷ್ಟೇ."

ಅವಳು ಅಲ್ಲೇ ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನೊಂದ್ಸಲ ಕರೀರಿ" ಅಂದಳು.

ನಗುತ್ತೀರಿ. ನಗಿ ತಾಯಂದಿರೇ, ನಗಿ ಅಣ್ಣಂದಿರೇ. ಆದರೆ ಹೇಳಿ, ನಿಮ್ಮ ಅಂಗಳ ಗುಡಿಸುವವಳ ಹೆಸರೇನು? ಸೊಸೆಯನ್ನು ಬೈಯುವುದಕ್ಕಲ್ಲದೆ ಹೆಸರು ಹಿಡಿದು ಕರೆದದ್ದು ಯಾವಾಗ? ಅನ್ನ, ನೀರು, ದುಡಿಮೆ ಎಲ್ಲವನ್ನೂ ಒಬ್ಬರಿಂದೊಬ್ಬರು ಹಾಲಿನಂತೆ ಕರೆದುಕೊಳ್ಳುತ್ತಲೇ ಇದ್ದೇವೆ. ಕರೆಯುವುದನ್ನು ಮಾತ್ರ ಮರೆತಿದ್ದೇವೆ. ದೇವರ ನಾಮ ಸಾವಿರ ಸಲ ಹೇಳುವ ನಾಲಿಗೆ, ಮನೆಯವರ ಹೆಸರು ಒಂದು ಸಲ ಹೇಳಿದರೆ ಸವೆದುಹೋದೀತೇ?

ಹಸು ತರುವವರಿದ್ದರೆ ಒಂದನ್ನೇ ತನ್ನಿ, ಹೆಸರು ಕೇಳಿ ತನ್ನಿ. ಉಳಿದವರು ಇಲ್ಲಿಂದ ಮನೆಗೆ ಹೋದಾಗ, ನೀರು ಕೇಳುವ ಮುಂಚೆ, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯಿರಿ. ಒಳಗಿದ್ದವರು ಗಾಬರಿಯಾಗಿ ಓಡಿಬಂದರೆ, ನೀವು ಕರೆದು ಎಷ್ಟು ಕಾಲವಾಯಿತೆಂದು ಆಗ ನಿಮಗೇ ತಿಳಿಯುತ್ತದೆ.