ನಲವತ್ತೊಂದನೆಯ ಪುಟ

‘ಮುಖ ಕಾಣದಿದ್ದರೇನು...’ ಹೀಗೊಂದು ಸಾಲು ಬೆಳಗಿನಿಂದ ನನ್ನ ತಲೆಯಲ್ಲಿ ಸುಳಿಯುತ್ತಿದೆ. ಉಳಿದರ್ಧ ನೆನಪಿಗೆ ಬರುತ್ತಿಲ್ಲ. ಅದಕ್ಕೆ ಕಾರಣವಿದೆ, ಆಮೇಲೆ ಹೇಳುತ್ತೇನೆ. ಆದರೆ ನೆನಪಿರುವ ಅರ್ಧದ ಮೇಲೆಯೇ ನನಗೆ ತಕರಾರಿದೆ. ಮುಖ ಕಾಣದಿರುವುದು ಅಷ್ಟು ಸಣ್ಣ ಸಂಗತಿಯೇ? ‘ಕಾಣದಿದ್ದರೇನು’ ಎಂದು ಅಷ್ಟು ಸಲೀಸಾಗಿ ಹೇಳಿಬಿಡಬಹುದೇ?

ಗ್ರಂಥಾಲಯದ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಕಣ್ಣಿನ ಡಾಕ್ಟರೇ, ಮುದ್ರಣಾಲಯದ ಹಿರಿಯರೇ, ಇಂದು ಸನ್ಮಾನ ಪಡೆದ ನನ್ನ ಅಕ್ಕನೇ, ಮತ್ತು ಸಭಿಕರೇ,

ಮೂವತ್ತು ವರ್ಷ ಪ್ರೂಫ್ ನೋಡಿದವಳು ನನ್ನ ಅಕ್ಕ. ನಾವೆಲ್ಲ ಪುಸ್ತಕ ಓದುತ್ತೇವೆ. ಅವಳು ಒಂದೊಂದೇ ಅಕ್ಷರ ಓದುತ್ತಿದ್ದಳು. ಐದು ವರ್ಷದ ಹಿಂದೆ ಒಂದು ದಿನ ಕರಡು ಹಾಳೆಯ ಸಾಲುಗಳು ನಡುವೆ ಬಾಗಿದಂತೆ ಕಂಡವಂತೆ. ಪುಟ ಜೋಡಿಸಿದವರನ್ನು ಕರೆದು ಬೈದಳಂತೆ. ಬಾಗಿದ್ದು ಸಾಲಲ್ಲ, ಅವಳ ನೋಟ ಎಂದು ತಿಳಿದದ್ದು ಈ ಡಾಕ್ಟರ ಕೋಣೆಯಲ್ಲಿ. ಮ್ಯಾಕ್ಯುಲರ್ ಡಿಜೆನರೇಶನ್. ಕಣ್ಣಿನ ಪರದೆಯ ನಟ್ಟನಡುವೆ ಸವೆಯುವ ಕಾಯಿಲೆ. ನಡುವಿನದು ಮಸುಕಾಗುತ್ತದೆ, ಅಂಚಿನದು ಉಳಿಯುತ್ತದೆ. ಪೂರ್ತಿ ಕತ್ತಲಾಗುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಅಳುತ್ತಿದ್ದವಳು ನಾನು. ಅಕ್ಕ ಕೇಳಿದ್ದು ಒಂದೇ ಮಾತು: “ಹಾಗಾದ್ರೆ ಅಂಚಿನಿಂದ ಓದೋದು ಹೇಗೆ, ಅದನ್ನ ಹೇಳಿಕೊಡಿ.”

ಕಲಿತಳು. ಇಂದು ಅವಳು ನಿಮ್ಮ ಮುಖ ನೋಡಬೇಕಾದರೆ ನಿಮ್ಮ ಕಿವಿ ನೋಡುತ್ತಾಳೆ. ಅದಕ್ಕೇ ನಾನು ಹೊಸ ಓಲೆ ಹಾಕಿಕೊಂಡು ಬಂದಿದ್ದೇನೆ! ಹಾಲಿಗೆ ಕಪ್ಪು ಲೋಟ, ಕಾಫಿಗೆ ಬಿಳಿ ಲೋಟ. ಮೆಟ್ಟಿಲಂಚಿಗೆ ಹಳದಿ ಪಟ್ಟಿ. ಡಬ್ಬಿಗಳ ಮೇಲೆ ದಪ್ಪ ಪೆನ್ನಿನಲ್ಲಿ ಬೆರಳುದ್ದದ ಅಕ್ಷರ. ಫ್ರಿಜ್ಜಿನ ಮೇಲೊಂದು ಚೌಕುಳಿ ಹಾಳೆ. ದಿನಾ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಅದನ್ನು ನೋಡುತ್ತಾಳೆ, ಗೆರೆ ಹೊಸದಾಗಿ ಡೊಂಕಾದರೆ ಅಂದೇ ಆಸ್ಪತ್ರೆ. ಈ ಗ್ರಂಥಾಲಯದ ದಪ್ಪಕ್ಷರದ ಕಪಾಟು ಅವಳು ಹಟ ಹಿಡಿದು ಮಾಡಿಸಿದ್ದು. ಇದೆಲ್ಲ ಸನ್ಮಾನಪತ್ರದಲ್ಲಿದೆ. ಅದರಲ್ಲಿ ಇಲ್ಲದಿರುವುದು ನೆರೆಯವರು.

ಮುಂದಿನ ಸಾಲಿನಲ್ಲಿ ಅಕ್ಕನ ಪಕ್ಕ ಕೂತಿದ್ದಾರಲ್ಲ, ಅವರೇ. ಅಕ್ಕನ ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಅಕ್ಕ ತೊಟ್ಟಿರುವ ರವಿಕೆ ಅವರ ಕೈಯದು. ಚೆನ್ನಾಗಿದೆ. ಚೆನ್ನಾಗಿಲ್ಲವೆಂದು ನಾನು ಹೇಳಿದ್ದೇನೆಯೇ?

ಊರೆಲ್ಲ ಹುಡುಕಿ ನಾನೊಂದು ಭೂತಗನ್ನಡಿ ತಂದುಕೊಟ್ಟೆ. ಅದು ಪೆಟ್ಟಿಗೆಯಲ್ಲೇ ಉಳಿಯಿತು. ಇವರು ತಮ್ಮ ಹೊಲಿಗೆ ಯಂತ್ರದ ಮೇಲಿದ್ದ, ಕತ್ತು ಬಗ್ಗುವ ಹಳೇ ದೀಪ ಬಿಚ್ಚಿ ತಂದರು. ಅದು ಅಕ್ಕನ ಮೇಜೇರಿತು. ನಾನು ಅವಳ ಕೈ ಹಿಡಿದು ನಡೆಸಿದರೆ “ಎಳೀಬೇಡ್ವೇ, ನಾನೇನು ಗಾಡಿಯಾ?” ಎನ್ನುತ್ತಾಳೆ. ಇವರು ಸುಮ್ಮನೆ ಮೊಣಕೈ ಚಾಚುತ್ತಾರೆ. ಅಕ್ಕ ಹಿಡಿದುಕೊಂಡು ಹೊರಡುತ್ತಾಳೆ. ಇವತ್ತು ಈ ವೇದಿಕೆಯ ಮೆಟ್ಟಿಲು ಹತ್ತಿದ್ದೂ ಹಾಗೆಯೇ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಸ್ವಲ್ಪ ತಡವಾಗಿ ತಟ್ಟಿದೆ.

ಇದಿಷ್ಟೂ ಸಹಿಸಬಹುದಿತ್ತು. ಆದರೆ ಸಂಜೆ ಆರಕ್ಕೆ ಅವಳಿಗೆ ಕವಿತೆ ಓದಿ ಹೇಳುವುದು ನನ್ನ ಪಾಲಿನದಾಗಿತ್ತು. ಭೂತಗನ್ನಡಿಯಿರಲಿ, ದೀಪವಿರಲಿ, ಎರಡು ಪುಟಕ್ಕೆ ಅವಳ ಕಣ್ಣು ದಣಿಯುತ್ತದೆ. ನಾನು ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು, ಕವಿತೆ ವಾಚಿಸಿ ಬಹುಮಾನ ಗೆದ್ದವಳು. ನನಗೆ ಅಕ್ಷರ ತಿದ್ದಿಸಿದ್ದೇ ಅಕ್ಕ; ಈಗ ನಾನು ಅವಳಿಗೆ ಓದುತ್ತೇನೆ ಎಂಬ ಜಂಬವೂ ಇತ್ತು. ಒಂದು ಸಂಜೆ ಪುಟ ತಿರುವಿದರೆ ಬಂತು ಈ ಸಾಲು: ಮುಖ ಕಾಣದಿದ್ದರೇನು. ಉಳಿದರ್ಧವನ್ನು ಸರಿಯಾಗಿ ನೋಡಲೂ ಇಲ್ಲ. ಇದನ್ನು ಅವಳ ಮುಂದೆ ಹೇಗೆ ಓದಲಿ? ಮೆಲ್ಲಗೆ ಹಾಳೆ ತಿರುವಿ ಮುಂದಿನ ಕವಿತೆಗೆ ಹೋದೆ.

“ನಲವತ್ತೊಂದು ಎಲ್ಲಿ ಹೋಯ್ತೇ?” ಎಂದಳು ಅಕ್ಕ.

“ಏನು ನಲವತ್ತೊಂದು?”

“ಪುಟ. ಈ ಪುಸ್ತಕದ ಪ್ರೂಫ್ ಮೂರು ಸಲ ನೋಡಿದ್ದೀನಿ. ನನ್ ಹತ್ರಾನೇ ಪುಟ ಹಾರಿಸ್ತೀಯಾ?”

“ನಿನಗೆ ನೋವಾಗ್ಬಾರ್ದು ಅಂತ ಅಕ್ಕಾ...”

“ಕಣ್ಣು ಆಗಲೇ ನಡುವಿನದನ್ನ ತಿಂತಾ ಇದೆ. ನೀನೂ ತಿನ್ನೋಕೆ ಶುರು ಮಾಡಿದ್ರೆ ನನಗೆ ಉಳಿಯೋದೇನು? ಪುಸ್ತಕ ಅಲ್ಲಿಡು. ನಾಳೆಯಿಂದ ಓದಕ್ಕೆ ಬರಬೇಡ.”

ನಾನೂ ರೋಷದಿಂದ ಒಂದು ವಾರ ಹೋಗಲಿಲ್ಲ. ಹೋದಾಗ ನನ್ನ ಕುರ್ಚಿಯಲ್ಲಿ ನೆರೆಯವರು. ತಡವರಿಸುತ್ತ, ಮೂಗಿನ ಮೇಲೆ ಕನ್ನಡಕ ಜಾರಿಸಿಕೊಂಡು, ಕಾಮಾ ಬಂದರೆ “ಕಾಮಾ” ಎಂದು, ನಿಲುಗಡೆ ಬಂದರೆ “ಫುಲ್‌ಸ್ಟಾಪ್” ಎಂದು ಕೂಗಿ ಓದುತ್ತಿದ್ದರು! ಪ್ರೂಫಿನ ಕೋಣೆಯಲ್ಲಿ ಒಬ್ಬರು ಮೂಲಪ್ರತಿಯನ್ನು ಓದುವುದು ಹಾಗೆಯೇ, ಇನ್ನೊಬ್ಬರು ಕರಡು ನೋಡುತ್ತ ಕೇಳುವುದು. ಅಕ್ಕ ಅವರಿಗೆ ಅದನ್ನು ಕಲಿಸಿದ್ದಳು. ಕವಿತೆ ನುಚ್ಚುನೂರಾಗುತ್ತಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು. ಅಂಥ ನಗು ನಾನು ಓದುವಾಗ ಒಂದು ದಿನವಾದರೂ ಬಂದಿತ್ತೇ?

ಸಭಿಕರೇ, ಹೊಟ್ಟೆಕಿಚ್ಚಿಲ್ಲ ಎಂದು ಹೇಳಲು ಒಂದು ಪುಟ ಬರೆದುಕೊಂಡು ಬಂದಿದ್ದೆ. ಆ ಪುಟವನ್ನು ಹಾರಿಸುತ್ತಿದ್ದೇನೆ. ಹಾರಿಸಬಾರದ್ದನ್ನು ಹಾರಿಸಿದವಳು ಇವತ್ತು ಹಾರಿಸಬೇಕಾದದ್ದನ್ನು ಹಾರಿಸಿದಳೆಂದು ತಿಳಿಯಿರಿ. ಎಂಟು ತಿಂಗಳಿಂದ ಸಂಜೆ ಆರಕ್ಕೆ ನನಗೆ ನನ್ನ ಮನೆಯಲ್ಲಿ ಕೂರಲಾಗುತ್ತಿಲ್ಲ. ಅಕ್ಕನ ಮನೆಯಲ್ಲಿ “ಕಾಮಾ” ಎಂದದ್ದು ನನ್ನ ಎದೆಗೆ ಕೇಳಿಸುತ್ತದೆ.

ಅಕ್ಕನನ್ನು ಗೌರವಿಸಿದ ಗ್ರಂಥಾಲಯಕ್ಕೆ, ಗೆರೆ ಡೊಂಕಾದಾಗಲೆಲ್ಲ ಬಾಗಿಲು ತೆರೆದ ಡಾಕ್ಟರಿಗೆ, ಇಷ್ಟು ಹೊತ್ತು ಸಹಿಸಿದ ನಿಮಗೆ ನಾನು ಋಣಿ. ಎಲ್ಲರಿಗೂ ನಮಸ್ಕಾರ. ಕೆಳಗಿಳಿಯುವ ಮೊದಲು ಒಂದೇ ಮಾತು. ಇವತ್ತು ಅಕ್ಕನನ್ನು ಕರೆತರಲು ಹೋದಾಗ ಅವಳು ಒಳಗೆ ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ನೆರೆಯವರು ಬಾಗಿಲಲ್ಲಿ ನನ್ನನ್ನು ತಡೆದು, ದನಿ ತಗ್ಗಿಸಿ ಹೇಳಿದರು:

“ನಾಳೆ ಸಂಜೆ ನೀವೇ ಬಂದುಬಿಡಿ. ನಿಮ್ಮಕ್ಕ ನನ್ನ ಹತ್ರ ಬಟ್ಟೆ ಕ್ಲಿಪ್ಪು ಇಸ್ಕೊಂಡು ಆ ಪುಸ್ತಕದಲ್ಲಿ ಒಂದು ಪುಟಕ್ಕೆ ಹಾಕಿಟ್ಟಿದ್ದಾರೆ. ಎಂಟು ತಿಂಗಳಿಂದ ಕೇಳ್ತಾ ಇದ್ದೀನಿ, ಓದಕ್ಕೆ ಬಿಡಲ್ಲ. ‘ಅದು ನನ್ನ ತಂಗಿ ಬಾಕಿ ಇಟ್ಟಿರೋದು, ಅವಳೇ ಬಂದು ಓದ್ಲಿ’ ಅಂತಾರೆ.”