ವೈರಿನ ತುದಿಯ ತುಂಡು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಅಕ್ಕತಂಗಿಯರಿದ್ದರು. ತಂಗಿ ಮೊಬೈಲಿನಲ್ಲಿ ಕಪ್ಪು ಪರದೆಯ ಚಿತ್ರ ತೋರಿಸಿದಳು.

“ಕಂಪ್ಯೂಟರ್ ಆನ್ ಆಗೋವಾಗ ಕರ್ನಲ್, ಅಂದ್ರೆ ಅದನ್ನ ನಡೆಸೋ ಮೂಲ ಸಾಫ್ಟ್‌ವೇರ್, ಕುಸಿಯೋದು ಇಲ್ಲೇ ಅಕ್ಕ. ಕೀಬೋರ್ಡ್ ಗುರುತು ಹಿಡಿಯೋ ಹೊತ್ತಿಗೆ.”

“ಅದೇ ಕೀಬೋರ್ಡ್ ನಿನ್ನ ಆಫೀಸಲ್ಲಿ ಚೆನ್ನಾಗಿತ್ತಲ್ಲ?”

“ಅದಕ್ಕೇ ಅನುಮಾನ. ಮನೇಲಿ ವೈರು ನೇರವಾಗಿ ಕಂಪ್ಯೂಟರಿಗೇ ಹೋಗುತ್ತಾ?”

“ಮಧ್ಯೆ ಬೆರಳಿನ ಗೆಣ್ಣಿನಷ್ಟು ತುಂಡಿದೆ. ಸಡಿಲ ಅಂತ ನಿನ್ನ ಭಾವ ಸಿಕ್ಕಿಸಿದ್ರು.”

“ಆಮೇಲೇ ತಾನೇ ಆಗಾಗ ಈ ಕಾಟ?”

“ಹೂಂ.”

“ನೀನು ಒತ್ತಿದ್ದನ್ನೆಲ್ಲ ಕೂಡಿಟ್ಟುಕೊಳ್ಳೋ ತುಂಡು ಇರಬೇಕು ಅದು. ಕರ್ನಲ್‌ಗೆ ಹೊಂದ್ತಾ ಇಲ್ಲ.”

ಅಕ್ಕ ಸೆರಗು ಬಿಗಿದುಕೊಂಡಳು.

“ವಕೀಲರಿಗೆ ಬರೆದದ್ದೂ ಅದರಲ್ಲೇ ಕಣೇ.”

“ಭಾವಂಗೆ ಏನೂ ಹೇಳಬೇಡ.”

ಬಸ್ಸು ಬಂತು. ಅಕ್ಕನ ಫೋನು ಬಡಿದುಕೊಂಡಿತು.

“ಅವರೇ. ಕಂಪ್ಯೂಟರ್ ಸರಿಹೋಯ್ತಾ ಅಂತ ದಿನಾ ಕೇಳ್ತಾರೆ. ನನಗಿಂತ ಅವರಿಗೇ ಅವಸರ.”

ಫೋನು ಬಡಿದುಕೊಳ್ಳುತ್ತಿದ್ದಂತೆಯೇ ಇಬ್ಬರೂ ಬಸ್ಸು ಹತ್ತಿದರು.